ಕಿಟಕಿ ನಂಬರ್ ಎರಡು

ನೀಲವೇಣಿ ಆ ಮನೆ ಬಿಟ್ಟಿದ್ದು ಆರುನೂರ ಹನ್ನೊಂದನೇ ಕಂತಿನಲ್ಲಿ,
ಹಿತ್ತಲ ಬಾಗಿಲಿಂದ, ಒಂದು ತಗಡಿನ ಟ್ರಂಕು ಹಿಡಿದು.
ಕ್ಯಾಮೆರಾ ಆಗ ಅತ್ತೆಯ ಕಣ್ಣಿನ ಮೇಲಿತ್ತು, ಮೂರು ಸಲ,
ಎಡದಿಂದ, ಬಲದಿಂದ, ಮತ್ತೆ ಎಡದಿಂದ.
ಟ್ರಂಕಿನ ಸದ್ದು ಕೇಳಿದ್ದು ನನಗೊಬ್ಬನಿಗೇ ಇರಬೇಕು.
ಸಂಭಾಷಣೆ ಬರೆಯುವವನು ನಾನು. ಅವಳಿಗೆ ಅಂದು ಮಾತಿರಲಿಲ್ಲ.

ಬೆನ್ನು ಹತ್ತಿ ಹೋದೆ. ಅರಸೀಕೆರೆಯಲ್ಲಿ ಇಳಿದಳು.
ಕೊಬ್ಬರಿ ಮೂಟೆಗಳ ನಡುವೆ ಕೂತು ಕಾಫಿ ಕುಡಿದಳು,
ಸ್ಟೇಷನ್ನಿನಲ್ಲಿ ಟಿಕೇಟು ಕೊಡುವ ಕೆಲಸಕ್ಕೆ ಸೇರಿದಳು.
ಒಂದು ಕಂತು ಪೂರ್ತಿ ಬರೆದೆ ಐದು ರೂಪಾಯಿ ಚಿಲ್ಲರೆಯ ಮೇಲೆ:
ಚಿಲ್ಲರೆ ಮರೆತು ಹಾಸನದ ಗಾಡಿ ಹತ್ತಿದ ಮುದುಕ,
ಕಂಡಿಯಿಂದಾಚೆ ನಾಣ್ಯ ಹಿಡಿದು ಚಾಚಿದ ಅವಳ ಬೆರಳು.
ಹೆಸರಿಟ್ಟೆ: ಕಿಟಕಿ ನಂಬರ್ ಎರಡು.

ಚಾನೆಲ್ಲಿನವರು ನಕ್ಕರು. ಒಳ್ಳೆಯವರೇ, ಊಟ ತರಿಸಿದರು.
‘ಕಿಟಕಿಗೆ ಯಾರ್ರೀ ಬರ್ತಾರೆ? ಮನೆಗೆ ಬರ್ತಾರೆ.’
ಬೋರ್ಡು ಬಂತು: ‘ಹದಿನಾರಂಕಣದ ಮನೆ:
ಹದಿನೇಳನೇ ಅಂಕಣ’. ಅದೇ ಬಂಗಾರದ ಅಕ್ಷರ,
ಅದೇ ಬೀಗದ ಕೈ ಗೊಂಚಲಿನ ಝಣಝಣ.
ಟಿಕೇಟಿನ ಹುಡುಗಿ ಆಕಳಿಸಿದರೂ ಝಣ.
ಅವಳ ಹತ್ತಿರ ಇದ್ದದ್ದು ಒಂದೇ ಕೀಲಿ, ಟ್ರಂಕಿನದು,
ಅದೂ ಸರಿಯಾಗಿ ತಿರುಗುತ್ತಿರಲಿಲ್ಲ.

ಜನ ಬಂದರು. ಸುಳ್ಳು ಹೇಳಬಾರದು, ತುಂಬ ಬಂದರು.
ಕಾಲು ತೊಳೆದು ಹೊಸ್ತಿಲು ದಾಟುವವರ ಹಾಗೆ ಬಂದು
ಅತ್ತೆ ಎಲ್ಲಿ ಎಂದರು. ತೂಗುಮಂಚ ಎಲ್ಲಿ, ವಿಷದ ಪಾಯಸ ಎಲ್ಲಿ.
ಚನ್ನರಾಯಪಟ್ಟಣದಿಂದ ನನ್ನ ಸೋದರತ್ತೆಯ ಫೋನು:
‘ಅಲ್ಲ ಕಣೋ ನಂಜುಂಡ, ಏಳೂವರೆಗೆ ಕುಕ್ಕರ್ ಇಳಿಸಿ
ಓಡ್ ಬಂದು ಕೂತ್ಕತೀನಿ. ನಿನ್ ಹುಡ್ಗಿ ಸುಮ್ನೆ
ಟಿಕೇಟ್ ಕೊಡ್ತಾ ಕೂತವ್ಳೆ. ಅದನ್ನ ನೋಡಕೆ
ನಾನು ಸ್ಟೇಷನ್ನಿಗೇ ಹೋಗಲ್ವಾ?’

ಅವಳದೇನೂ ತಪ್ಪಿಲ್ಲ.
ಮೈಸೂರು ಅಂತ ಬೋರ್ಡು ತಗುಲಿಸಿದ ಗಾಡಿ
ಬೀರೂರಿನಲ್ಲಿ ಇಳಿಸಿದರೆ ಯಾರಾದರೂ ಬೈಯುತ್ತಾರೆ.
ಬೀರೂರು ಕೆಟ್ಟ ಊರೆಂದಲ್ಲ.

ಒಂಬತ್ತನೇ ವಾರ ಅತ್ತೆಯನ್ನು ಕರೆಸಿದರು.
ದೊಡ್ಡಂಚಿನ ರೇಷ್ಮೆ, ಸೊಂಟದಲ್ಲಿ ಗೊಂಚಲು, ಪ್ಲಾಟ್‌ಫಾರ್ಮ್ ಒಂದರಲ್ಲಿ.
ಊರಿಗೆ ಊರೇ ಸೇರಿತು. ರೈಲ್ವೆ ಪೊಲೀಸು ಲಾಠಿ ತಂದ.
ನೀಲವೇಣಿಯಾದ ವಾರಿಜಾ, ಹಾಸನದ ಸಾಲಗಾಮೆ ರಸ್ತೆಯವಳು,
ಮೂರು ವರ್ಷ ಹಿಂದಿನ ಸಾಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತವಳು,
ಮತ್ತೆ ಫ್ರೇಮಿನ ಅಂಚಿಗೆ ತಾನಾಗಿಯೇ ಸರಿದಳು.
ಯಾರೂ ಹೇಳಿರಲಿಲ್ಲ. ಕಾಲಿಗೆ ಅಭ್ಯಾಸ.
ಟಿಆರ್‌ಪಿ ಆ ವಾರ ಏರಿತು.
ಮುಂದಿನ ವಾರ ಅತ್ತೆ ಇರಲಿಲ್ಲ.

ಎಪ್ಪತ್ತನಾಲ್ಕಕ್ಕೆ ಮುಗಿಸಿದರು. ಮದುವೆ ಮಾಡಿಸಿಬಿಡಿ ಎಂದರು, ಮಾಡಿಸಿದೆ,
ಅರ್ಧ ಕಂತಿನಲ್ಲಿ, ಹೆಸರಿಲ್ಲದ ಒಬ್ಬ ಗಾರ್ಡಿನ ಜೊತೆ.
ತಾಳಿ ಬಿದ್ದಾಗಲೂ ಝಣ.

ಮೊನ್ನೆ ಅರಸೀಕೆರೆಯಲ್ಲಿ ಗಾಡಿ ಬದಲಿಸುವಾಗ
ಟಿಕೇಟಿನ ಸಾಲಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು.
‘ಇಲ್ಲೇ ನೋಡೆ, ಅತ್ತೆ ಬಂದು ನಿಂತಿದ್ದು.’
ಕೇಳಬಾರದಿತ್ತು, ಕೇಳಿದೆ: ‘ಒಳಗೊಬ್ಬಳು ಇದ್ದಳಲ್ಲ?’
‘ಯಾರು?’
ಬ್ಯಾಗು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ, ತುಸು ಹೊತ್ತು ಬಿಟ್ಟು,
‘ಹಾಂ, ಆ ಚಿಲ್ಲರೆ ಹುಡ್ಗಿ. ಕೊಟ್ಟಳಾ ಕೊನೆಗೆ,
ಆ ಮುದುಕಪ್ಪನ ಐದು ರೂಪಾಯಿ?’

ಆ ದೃಶ್ಯ ಬರೆದಿದ್ದೆ. ಅವರು ತೆಗೆಯಲೇ ಇಲ್ಲ.
ಕೊಟ್ಟಳು, ಎಂದೆ.
‘ಸದ್ಯ’ ಎಂದು ಅವಳು ಕಂಡಿಗೆ ಬಗ್ಗಿದಳು.