ಸುಂಕದವಳ ಮುಂದೆ

ವೋಲೊಸ್ ಬಂದರಿನ ಹಿಂಬದಿ ಬೀದಿಯಲ್ಲಿ
ಎರಡು ನಕ್ಷತ್ರದ ಹೋಟೆಲು. ಹದಿನೆಂಟು ಕೋಣೆ,
ಒಂದು ಲಿಫ್ಟು, ಅದಕ್ಕೂ ಸೋಮವಾರ ಸುಸ್ತು.
ಗಾಜಿನ ಬಟ್ಟಲಲ್ಲಿ ಪೆಪ್ಪರಮೆಂಟು,
ಪಕ್ಕದಲ್ಲಿ ನಾಲ್ಕು ಭಾಷೆಯ ಒಂದು ಹಲಗೆ:
ಹವಾಮಾನ ಸುಂಕ, ಕೋಣೆಗೆ, ರಾತ್ರಿಗೆ, ಎರಡು ಯೂರೋ.
ನಾನು ಎವಾಂಥಿಯಾ. ಹಲಗೆಯ ಹಿಂದೆ ಕೂತವಳು.

ನೆದರ್ಲೆಂಡಿನ ಗಂಡಹೆಂಡತಿ ರಸೀದಿಯನ್ನು ಬೆಳಕಿಗೆ ಹಿಡಿದು
ನಾವು ಸೈಕಲಿನಲ್ಲಿ ಬಂದವರು, ನಮಗೂ ಯಾಕೆ, ಅಂತಾರೆ.
ಬೆಲ್ಗ್ರೇಡಿನವನೊಬ್ಬ ತನ್ನ ಮಂಡಿಯ ಕತೆ ತೆಗೆಯುತ್ತಾನೆ,
ಅಲ್ಲಿಂದ ಪಿಂಚಣಿ, ಅಲ್ಲಿಂದ ಅಳಿಯ.
ತಲೆಯಾಡಿಸುತ್ತೇನೆ. ಎರಡು ಯೂರೋ.
ಸುಖದುಃಖಕ್ಕೆ ನನ್ನ ಯಂತ್ರದಲ್ಲಿ ಗುಂಡಿಯಿಲ್ಲ.

ಮಧ್ಯಾಹ್ನ ಊರಿನ ಫೋನುಗಳೆಲ್ಲ ಒಟ್ಟಿಗೆ ಅರಚುತ್ತವೆ.
ನಲವತ್ತಮೂರು ಡಿಗ್ರಿ. ಸರ್ಕಾರದ ಆಜ್ಞೆ:
ಹನ್ನೆರಡರಿಂದ ಐದರ ತನಕ ಬಿಸಿಲಲ್ಲಿ ದುಡಿಯುವಂತಿಲ್ಲ.
ತಮ್ಮ ಸ್ತಾಮಾತಿಸ್ ಹೆಂಚು ಹೊದಿಸುವವನು.
ಏಣಿ ಇಳಿದು ಬಂದು ನಮ್ಮ ಲಾಬಿಯ ನೆಲದ ಮೇಲೆ ಕೂರುತ್ತಾನೆ,
ಸೋಫಾ ಕೊಳೆಯಾದೀತು ಅಂತ.
ಹೋದ ವರ್ಷ, ಆಜ್ಞೆ ಹೊರಡುವ ಹಿಂದಿನ ದಿನ,
ಅವನ ಜೊತೆಗಾರ, ಅಲ್ಬೇನಿಯಾದ ಬೆಸ್ನಿಕ್,
ಮಾಡಿನ ಮೇಲೆ ಕೂತವನು ಕೂತಂತೆಯೇ ಇದ್ದ.
ಬಾಟಲಿಯಲ್ಲಿ ಇನ್ನೂ ಅರ್ಧ ನೀರಿತ್ತು.
ವೈದ್ಯರು ಬರೆದದ್ದು: ಹೃದಯ.
ಬಿಸಿಲು ಅಂತ ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಐದು ಗಂಟೆ ಜೀವ ಉಳೀತು ಕಣಕ್ಕಾ,
ಐದು ಗಂಟೆ ಕೂಲಿ ಹೋಯ್ತು.
ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾನೆ,
ಪೆಪ್ಪರಮೆಂಟನ್ನು ಈ ದವಡೆಯಿಂದ ಆ ದವಡೆಗೆ ದಾಟಿಸುತ್ತಾ,
ತಣ್ಣನೆಯ ನೆಲಕ್ಕೆ ಎರಡೂ ಅಂಗೈ ಒತ್ತಿ.

ಇಲ್ಲಿಂದ ಅಷ್ಟು ದೂರವಿಲ್ಲ ಕಾರ್ಲಾ ಕೆರೆ.
ಅಜ್ಜನ ಕಾಲದಲ್ಲಿ ಬತ್ತಿಸಿ ಹತ್ತಿ ಬಿತ್ತಿದ್ದರು.
ಆ ಸೆಪ್ಟೆಂಬರಿನ ಮಳೆಗೆ ಕೆರೆ ಎದ್ದು ಬಂತು,
ಹಳೇ ಪಹಣಿ ಕೈಯಲ್ಲಿ ಹಿಡಿದ ಹಾಗೆ,
ನೇರ ತನ್ನ ಗಡಿಕಲ್ಲಿನ ತನಕ.

ಮೊನ್ನೆ ರಾತ್ರಿ ಹತ್ತೂವರೆಗೆ
ಆ ಕೆರೆಯಂಚಿನ ಅಸಿಮೀನಾ ಬಂದರು. ಅಮ್ಮನ ಊರಿನವರು.
ಕಂಕುಳಲ್ಲಿ ಒದ್ದೆ ಟವೆಲು, ಟವೆಲಿನೊಳಗೆ ಇನ್ಸುಲಿನ್ ಡಬ್ಬಿ.
ಪರಿಹಾರದ ಮನೆ ತಗಡಿನದು ಮಗಾ, ರಾತ್ರಿಯೂ ಒಲೆ.
ಫ್ರಿಜ್ಜು ಮಂಗಳವಾರವೇ ಹೋಯಿತು.
ಪುರಸಭೆಯ ತಂಪು ಕೊಠಡಿಗೆ ಒಂಬತ್ತಕ್ಕೆ ಬೀಗ.
ಈ ಔಷಧಿಗೆ ಒಂದು ಕೋಣೆ ಕೊಡು. ನನ್ನದೇನು, ಎಲ್ಲಾದರೂ.

ಹನ್ನೊಂದನೇ ನಂಬರು ಕೊಟ್ಟೆ.
ಬಾಡಿಗೆ ಬಿಡಿ ಅಂತ ಮಾಲೀಕನಿಗೆ ಫೋನು ಮಾಡಿದೆ. ಬಿಟ್ಟ.
ಸುಂಕ ಬಿಡಲು ಅವನಿಂದಲೂ ಆಗದು,
ಯಂತ್ರ ತಾನಾಗಿಯೇ ಅಥೆನ್ಸಿಗೆ ಚಾಡಿ ಹೇಳುತ್ತದೆ.

ಯಾವುದಕ್ಕೆ ಈ ದುಡ್ಡು? ಅಂದರು.
ನನಗದು ನಾಲ್ಕು ಭಾಷೆಯಲ್ಲಿ ಬಾಯಿಪಾಠ:
ನೆರೆ, ಕಾಳ್ಗಿಚ್ಚು, ಬಿಸಿಗಾಳಿಗೆ ಸಿಕ್ಕವರ ನೆರವಿಗೆ.
ನನ್ನದೇ ಭಾಷೆಯಲ್ಲಿ ಮಾತ್ರ ನಾಲಿಗೆ ತೊದಲಿತು.
ಓ, ಹಾಗಾದರೆ ಕೊಡಬೇಕು ಬಿಡು, ಅಂದರು ಅಸಿಮೀನಾ,
ಪಾಪ, ಯಾರೋ ಏನೋ.
ಪರ್ಸಿಗೆ ಹೋದ ನನ್ನ ಕೈಯನ್ನು ಒತ್ತಿ ಹಿಡಿದು
ಐವತ್ತು ಸೆಂಟಿನ ನಾಲ್ಕು ನಾಣ್ಯ
ಹಲಗೆಯ ಮುಂದೆ ಒಂದೊಂದಾಗಿ ಇಟ್ಟರು.
ರಸೀದಿ ಕೇಳಿ ಪಡೆದರು, ಮಡಚಿ ಟವೆಲಿಗೆ ಸೇರಿಸಿದರು.

ಬೆಳಿಗ್ಗೆ ನೋಡಿದರೆ ಹಾಸಿಗೆಯ ಮಡಿಕೆ ಮುರಿದಿಲ್ಲ.
ಕುರ್ಚಿ ಕಿಟಕಿ ಬಿಟ್ಟು
ಸಣ್ಣ ಫ್ರಿಜ್ಜಿನ ಪಕ್ಕಕ್ಕೆ ಬಂದಿತ್ತು.