ಐವತ್ತೇಳರ ಡೈಮು

ಬರಿಗೈಯಲ್ಲಿ ಮುಟ್ಟಬಾರದು, ಅದು ಮೊದಲ ಪಾಠ.
ಬೆರಳಿನ ಜಿಡ್ಡು ಇವತ್ತು ಕಾಣುವುದಿಲ್ಲ,
ಇಪ್ಪತ್ತು ವರ್ಷದ ಮೇಲೆ ಕಂದು ಹೆಬ್ಬೆಟ್ಟಾಗಿ ಏಳುತ್ತದೆ,
ಹಳೆಯ ಸಾಲಪತ್ರದ ಗುರುತಿನ ಹಾಗೆ.
ಉಜ್ಜಬಾರದು. ಅದರ ಮೇಲೆ ಬಾಗಿ ಮಾತಾಡಬಾರದು,
ಎಂಜಲು ಸಿಡಿದರೆ ಚುಕ್ಕೆ.
ನೆಲಮಾಳಿಗೆ ಬೇಡ, ಅಟ್ಟ ಬೇಡ,
ಅಗ್ಗದ ಪ್ಲಾಸ್ಟಿಕ್ಕು ಬೇಡವೇ ಬೇಡ: ಅದು ಬೆವರಿ
ನಾಣ್ಯಕ್ಕೆ ಹಸಿರು ಕಿಲುಬು ಹಿಡಿಸುತ್ತದೆ.

ಸ್ಕ್ರ್ಯಾಂಟನ್ನಿನ ನನ್ನ ಅಂಗಡಿಯಲ್ಲಿ ಮೂವತ್ತು ವರ್ಷ
ಇದೇ ಗಿಳಿಪಾಠ ಒಪ್ಪಿಸಿದ್ದೇನೆ.
ಐವರ್ ಪ್ರಿಚರ್ಡ್ ಬಂದದ್ದು ಫೆಬ್ರವರಿಯ ಒಂದು ಮಂಗಳವಾರ.
ಬೂಟಿನ ಹಿಮ ಒದರಿ
ಬಿಸ್ಕತ್ತಿನ ಡಬ್ಬಿಯೊಂದನ್ನು ಗಾಜಿನ ಮೇಲಿಟ್ಟ.

ವರ್ಷಕ್ಕೊಂದು ಸೆಟ್ಟು.
ಟಂಕಸಾಲೆಗೆ ಎರಡು ಡಾಲರು ಹತ್ತು ಸೆಂಟು ಕಳಿಸಿ
ತೊಂಬತ್ತೊಂದು ಸೆಂಟು ತರಿಸಿಕೊಳ್ಳುವ ವ್ಯಾಪಾರ!
ಲೇಸು ನೇಯುವ ಗಿರಣಿಯಲ್ಲಿ ಅವನಿಗೆ ರಾತ್ರಿ ಪಾಳಿ.
"ಡಿಲಿಸ್ ಲೆಕ್ಕ ಹಾಕಿ ನಗುತ್ತಿದ್ದಳು" ಎಂದ.

ನಗುವಂಥದ್ದೇ.
ಹೊಳಪಿಟ್ಟ ಅಚ್ಚಿನಲ್ಲಿ ಎರಡೆರಡು ಏಟು ತಿಂದು
ಕನ್ನಡಿಯಾಗಿ ಹುಟ್ಟಿ
ಒಂದು ತುಂಡು ಬ್ರೆಡ್ಡನ್ನೂ ಕೊಳ್ಳದೆ
ಯಾರ ಜೇಬಿನಲ್ಲೂ ಬೆಚ್ಚಗಾಗದೆ
ಹಾಗೇ ಮುಪ್ಪಾಗುವ ದುಡ್ಡು.

ಐವತ್ತಮೂರರ ಸ್ಟೇಪಲ್ ಪಿನ್ನು ತುಕ್ಕು ಹಿಡಿದಿತ್ತು.
ಐವತ್ತಾರು ಚೆನ್ನ, ಅರ್ಧ ಡಾಲರಿನ ಅಂಚಿಗೆ
ನವಿಲುಗರಿಯ ಬಣ್ಣ ತಿರುಗಿತ್ತು.
ಐವತ್ತೇಳು
ಕತ್ತರಿ ಬಿದ್ದಿದೆ. ಐದು ಗೂಡು, ನಾಲ್ಕು ನಾಣ್ಯ.
ಡೈಮೆಲ್ಲಿ, ಕೇಳಿದೆ, ಬೆಲೆ ಇಳಿಸುವ ದನಿಯಲ್ಲಿ.

ಹೇಳಿದ.
ಹಿಮ ಸುರಿಯುವ ರಾತ್ರಿ, ದಿನ ತುಂಬುವ ಮೊದಲೇ ನೋವು,
ಮನೆಯಲ್ಲಿ ಫೋನಿಲ್ಲ, ಚಿಲ್ಲರೆಯಿಲ್ಲ.
ಉಗುರು ಕತ್ತರಿಯಿಂದ ಸೆಲೋಫೇನ್ ಸೀಳಿ
ಮೂಲೆಯ ಪೆಟ್ರೋಲ್ ಬಂಕಿನ ಬೂತಿಗೆ ಹೋದಳು.
ಡೈಮು ಹಾಕಿದಳು.
ಯಂತ್ರ ಅದನ್ನು ನುಂಗಿ ಸುಮ್ಮನಾಯಿತು.
ಆಸ್ಪತ್ರೆಗೆ ಹನ್ನೊಂದು ಬೀದಿ. ನಡೆದಳು.

"ಬೆಳಗಿನ ಜಾವ ಮನೆಗೆ ಬಂದೆನಲ್ಲ,
ನನಗೆ ಮೊದಲು ಕಂಡದ್ದು ಆ ಸೆಲೋಫೇನ್.
ಬೈದೆ. ಜೋರಾಗಿಯೇ. ಇಡೀ ಮನೆಗೆ ಕೇಳುವ ಹಾಗೆ.
ಆಮೇಲೆ ಕಂಡಿತು ಹಾಸಿಗೆ."

ಮಗು? ನಾನು ಕೇಳಲಿಲ್ಲ.
ಹೀಟರು ಗೊರಗೊರ ಎನ್ನುತ್ತಿತ್ತು.
ನನ್ನ ಡ್ರಾಯರಿನಲ್ಲಿ ಐವತ್ತೇಳರ ಬಿಡಿ ಡೈಮುಗಳಿದ್ದವು,
ಒಂದನ್ನು ಚಿಮಟದಲ್ಲಿ ಹಿಡಿದು ತೋರಿಸಿದೆ.
ಇದೇ ಕನ್ನಡಿ, ಇದೇ ವರ್ಷ, ನಿಮಗೆ ಪುಕ್ಕಟೆ.
ಅವನು ಅದರಲ್ಲಿ ತನ್ನ ಮೂಗು ನೋಡಿಕೊಂಡು
ಬೇಡ ಎಂದ.

ಮಾರಲು ಬಂದವನೇ ಅಲ್ಲ ಆಸಾಮಿ.
ಬೇಕಾದದ್ದು ಬೆವರದ ಹೊಸ ಪೆಟ್ಟಿಗೆ, ಅಷ್ಟೇ.
ಅಕ್ರಿಲಿಕ್ಕಿನದು ಕೊಟ್ಟೆ, ಐದು ಗುಂಡಿಯದು.
ಕೈಗವಸು ಹಾಕಿ ನಾಲ್ಕನ್ನು ನಾನೇ ಇಳಿಸಿದೆ,
ತಿರುಪು ಬಿಗಿಯುವ ಮುಂಚೆ ಅವನು ಕೈ ಅಡ್ಡ ಹಿಡಿದು,
ನಾನು ಗದರಿಸುವಷ್ಟರಲ್ಲಿ,
ಖಾಲಿ ಗುಂಡಿಯೊಳಗೆ ಬರಿ ಹೆಬ್ಬೆರಳು ಒತ್ತಿದ.

ಅಲ್ಲಿ ಹಾಳಾಗಲು ಏನೂ ಇರಲಿಲ್ಲ, ಸುಮ್ಮನಿದ್ದೆ.

ಬೂತಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಕಟುಕನ ಗಲ್ಲಾಕ್ಕೆ,
ಬಸ್ಸಿಗೆ, ಚರ್ಚಿನ ತಟ್ಟೆಗೆ, ಹುಡುಗರ ಜೂಜಿಗೆ
ಹೋಗಿರಬೇಕು ಅದು. ಕನ್ನಡಿ ಒಂದೇ ವಾರಕ್ಕೆ ಮಾಸಿ
ಎಲ್ಲದರ ಹಾಗೆ ಸವಕಲಾಗಿ.
ಬೆಳ್ಳಿಯ ಡೈಮು ಚಲಾವಣೆಯಲ್ಲಿ ಈಗೆಲ್ಲಿ?
ಕರಗಿಸಿ ಚಮಚವೋ ಹಲ್ಲೋ ಮಾಡಿ ಆಗಿದೆ, ನನಗೇ ಚೆನ್ನಾಗಿ ಗೊತ್ತು.

ಆದರೂ ಕಾಫಿ ಅಂಗಡಿಯವಳು ಚಿಲ್ಲರೆ ಕೊಟ್ಟಾಗ
ಅಂಗೈ ದೀಪಕ್ಕೆ ಹಿಡಿದು
ಸಣ್ಣವುಗಳ ಇಸವಿ ಓದುತ್ತೇನೆ.
ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ.