ಮೂರು ಸಲ

ವಿರಾಜಪೇಟೆ ಕೋರ್ಟಿನ ಜಗಲಿಯಲ್ಲಿ ನಿಂತು
ಹೆಸರು ಕೂಗುವುದು ನನ್ನ ಕೆಲಸ.
ಒಬ್ಬೊಬ್ಬರಿಗೆ ಮೂರು ಸಲ.
ಹತ್ತೊಂಬತ್ತು ವರ್ಷ ಕೂಗಿ ಕೂಗಿ
ಮನೆಯಲ್ಲೂ ಮಕ್ಕಳನ್ನು ಮೂರು ಸಲ ಕರೆಯುತ್ತೇನೆ.

ಪಣಿ ಎರವರ ಕುಳಿಯ!
ಪಣಿ ಎರವರ ಕುಳಿಯ!
ಮೂರನೆಯದಕ್ಕೆ ಬಾಯಿ ತೆರೆದಾಗ
ಮೆಟ್ಟಿಲ ಬಳಿ ಕೂತ ಮಾಚಿ ಎದ್ದು
ಗಂಡನ ಬದಲು 'ಓ' ಎನ್ನುತ್ತಾಳೆ.
ಅವನು ಮಡಿಕೇರಿ ಜೈಲಲ್ಲಿದ್ದಾನೆಂದು
ನನಗೂ ಗೊತ್ತು, ಸಾಹೇಬರಿಗೂ ಗೊತ್ತು.
ಕೂಗಬೇಕು. ಕೂಗುತ್ತೇನೆ.

ಕಣದಿಂದ ಮೂರು ಮೂಟೆ ಮೆಣಸು ಕಾಣೆ.
ತೋಟದ ರೈಟರು ಬೆರಳು ತೋರಿಸಿದ,
ಬೆರಳಿನ ತುದಿಗೆ ಇವನಿದ್ದ.

ಜಾಮೀನು ಸಿಕ್ಕಿ ಹನ್ನೊಂದು ತಿಂಗಳು.
ಹೌದು, ಸಿಕ್ಕಿ.
ಆದೇಶದ ಪ್ರತಿ ಮಾಚಿಯ ಎಲೆಯಡಿಕೆ ಚೀಲದಲ್ಲಿದೆ,
ಮಡಿಕೆಗೆ ಸುಣ್ಣ ಕೂತು ಅಕ್ಷರ ಬಿಳಿಚಿದೆ:
ಐವತ್ತು ಸಾವಿರದ ಮುಚ್ಚಳಿಕೆ,
ಪಹಣಿ ಇರುವ ಒಬ್ಬ ಜಾಮೀನುದಾರ.

ಅವನು ಹುಟ್ಟಿದ ಲೈನ್‌ಮನೆಗೆ ಪಹಣಿ ಇಲ್ಲ.
ಅವನಪ್ಪ ಗುಂಡಿ ತೋಡಿ ನೆಟ್ಟ, ಇವನು ಕಪಾತು ಮಾಡಿದ
ಹದಿನೆಂಟು ಎಕರೆ ರೊಬಸ್ಟಾಕ್ಕೆ ಇದೆ.
ಒಂಬತ್ತನೇ ಕಾಲಮ್ಮಿನಲ್ಲಿ ಒಡೆಯರ ಹೆಸರು.
ಹನ್ನೆರಡರಲ್ಲಿ, ಸಾಗುವಳಿ ಯಾರದು ಎಂಬಲ್ಲಿ,
'ಸ್ವಂತ'.

ಜೀಪು ಗುದ್ದಿಸಿ ಒಬ್ಬನನ್ನು ಕೊಂದ ಹುಡುಗ
ಅದೇ ವಾರ ಬೆಳಿಗ್ಗೆ ಬಂದು
ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದ.
ಅವನ ಹೆಸರು ಒಂದೇ ಸಲ ಕೂಗಿದ್ದು ನಾನು.

ಒಳಗೆ ಗೋಡೆಯ ಟಿವಿಯಲ್ಲಿ ಕುಳಿಯ ಮೂಡುತ್ತಾನೆ.
ಇಪ್ಪತ್ತು ಜನರ ಕೋಣೆಯಲ್ಲಿ ಐವತ್ತು ಜನ,
ಸರದಿಯಲ್ಲಿ ನಿದ್ದೆಯಂತೆ. ಪೇದೆಯೊಬ್ಬ ಹೇಳಿದ್ದ,
ಕಕ್ಕಸಿನ ಬಾಗಿಲ ಬಳಿಯ ಜಾಗ
ನೋಡಲು ಯಾರೂ ಬಾರದವರಿಗಂತೆ.
ಮಾಚಿ ಹೋದರೆ ಆ ದಿನದ ಕೂಲಿ ಹೋಯಿತು.

ಬಾಯಿ ಆಡುತ್ತದೆ, ಸದ್ದಿಲ್ಲ.
ಲೈನು ಸರಿಹೋದ ಮೇಲೆ ಸಾಹೇಬರು ಕೇಳಿದರು,
ಏನಾದರೂ ಹೇಳುವುದಿದೆಯಾ?

'ಹೂಮಳೆ ಬಂತಾ ಸ್ವಾಮಿ?'

ಟೈಪಿಸ್ಟಿನ ಬೆರಳು ಗಾಳಿಯಲ್ಲೇ ನಿಂತಿತು,
ಅದನ್ನು ಯಾವ ಕಲಮಿನ ಕೆಳಗೆ ಬರೆಯುವುದು?
ಜಾಮೀನುದಾರರಿಲ್ಲ. ಮುಂದಿನ ವಾಯಿದೆ ಇಪ್ಪತ್ತಾರು.

ಬಂದಿತ್ತು. ಹಿಂದಿನ ರಾತ್ರಿಯೇ, ಒಂದೂಕಾಲು ಇಂಚು.
ನನ್ನ ಗಿಡಗಳಿಗೂ ಬಿತ್ತು.
ಅಮ್ಮತ್ತಿ ಕಡೆ ಅರ್ಧ ಎಕರೆ ನನಗೂ ಇದೆ,
ಒಂಬತ್ತನೇ ಕಾಲಮ್ಮಿನಲ್ಲಿ
ಕಾಗುಣಿತ ತಪ್ಪಿದ ನನ್ನದೇ ಹೆಸರು.
ಕೋರ್ಟಿನ ನೌಕರ ಜಾಮೀನು ನಿಲ್ಲಬಹುದೋ ಬಾರದೋ
ಇದುವರೆಗೆ ಯಾರನ್ನೂ ಕೇಳಿಲ್ಲ ನಾನು.
ಕೇಳದಿದ್ದರೆ ಗೊತ್ತಿಲ್ಲ ಎನ್ನಬಹುದು.

ಕೊನೆ ಬಸ್ಸಿಗೆ ಹೊರಟ ಮಾಚಿ
ಗೇಟಿನ ಹತ್ತಿರ ತಿರುಗಿ ನಿಂತಳು.
'ಇವತ್ತು ತಗ್ಗಿ ಕೂಗಿದಿರಿ ಅಣ್ಣಾ.
ಇಪ್ಪತ್ತಾರಕ್ಕೆ ಜೋರಾಗಿ ಕೂಗಿ.
ಮಡಿಕೇರಿಗೆ ಕೇಳಲಿ.'